ಗುಂಡಿನ ಸದ್ದು ನಿಂತ ಮೇಲೆ: ಹೆದರಿದ ಮಕ್ಕಳ ಜೊತೆ ನಾವು



ಅಮೆರಿಕಾದ ಶಾಲೆಗಳಲ್ಲಿ ಗುಂಡಿನ ದಾಳಿ ನಡೆದ ಸುದ್ದಿಯನ್ನು ನಾವು ಮತ್ತೆ ಮತ್ತೆ ಕೇಳಿದ್ದೇವೆ. 1999ರಲ್ಲಿ ಕೊಲಂಬೈನ್, 2012ರಲ್ಲಿ ಸ್ಯಾಂಡಿ ಹುಕ್, 2018ರಲ್ಲಿ ಪಾರ್ಕ್‌ಲ್ಯಾಂಡ್, 2022ರಲ್ಲಿ ಯುವಾಲ್ಡಿ. ಸ್ಯಾಂಡಿ ಹುಕ್ ಪ್ರಾಥಮಿಕ ಶಾಲೆಯೊಂದರಲ್ಲೇ 20 ಮಕ್ಕಳೂ 6 ಮಂದಿ ಸಿಬ್ಬಂದಿಯೂ ಪ್ರಾಣ ಕಳೆದುಕೊಂಡರು.

ನಮ್ಮೂರಿನ ಎಷ್ಟೋ ಮನೆಗಳ ಮೊಮ್ಮಕ್ಕಳು ಇಂದು ಆ ದೇಶದಲ್ಲಿ ಓದುತ್ತಿದ್ದಾರೆ. ಬಾಗಿಲು ಹಾಕಿ, ದೀಪ ಆರಿಸಿ, ಉಸಿರು ಬಿಗಿಹಿಡಿದು ಮೂಲೆಯಲ್ಲಿ ಕೂರುವ ಅಭ್ಯಾಸವನ್ನು ಅಲ್ಲಿಯ ಶಾಲೆಗಳಲ್ಲಿ ಮಾಡಿಸುತ್ತಾರೆ. ಫೋನಿನಲ್ಲಿ ಮಗು "ಅಜ್ಜಿ, ಸ್ಕೂಲಿಗೆ ಹೋಗೋಕೆ ಭಯ ಆಗ್ತದೆ" ಎಂದಾಗ "ಏನೂ ಆಗಲ್ಲ, ಸುಮ್ನಿರು" ಎಂದುಬಿಡುತ್ತೇವೆ. ಪ್ರೀತಿಯಿಂದಲೇ ಹೇಳಿದರೂ ಆ ಮಾತು ಮಗುವಿನ ಬಾಯಿ ಮುಚ್ಚಿಸುತ್ತದೆ.

ಭಯವನ್ನು ಗುರುತಿಸುವುದು ಹೇಗೆ?

ಚಿಕ್ಕ ಮಕ್ಕಳು ಹಾಸಿಗೆ ಒದ್ದೆ ಮಾಡಬಹುದು, ತಾಯಿಯ ಸೆರಗು ಬಿಡದಿರಬಹುದು, ಹೊಟ್ಟೆನೋವು ಎನ್ನಬಹುದು. ದೊಡ್ಡ ಮಕ್ಕಳಿಗೆ ನಿದ್ದೆ ಬರುವುದಿಲ್ಲ, ಓದಿನಲ್ಲಿ ಮನಸ್ಸು ನಿಲ್ಲುವುದಿಲ್ಲ. ಬಾಗಿಲು ಧಡ್ ಎಂದರೂ ಬೆಚ್ಚುತ್ತಾರೆ. ಬದುಕುಳಿದ ಮಕ್ಕಳಲ್ಲಿ ಕೆಲವರು "ಗೆಳೆಯ ಸತ್ತ, ನಾನ್ಯಾಕೆ ಉಳಿದೆ?" ಎಂದು ತಮ್ಮನ್ನೇ ದೂರಿಕೊಳ್ಳುತ್ತಾರೆ. ಇದು ಹಠವೂ ಅಲ್ಲ, ಸೋಮಾರಿತನವೂ ಅಲ್ಲ.

ನಾವು ಮಾಡಬೇಕಾದದ್ದು

1. ಮೊದಲು ಕೇಳೋಣ. "ನಿಂಗೆ ಏನು ಗೊತ್ತಾಯ್ತು? ಹೇಗನ್ನಿಸ್ತಿದೆ?" ಎನ್ನೋಣ. ಹೇಳಲೇಬೇಕೆಂದು ಒತ್ತಾಯ ಬೇಡ. ಮಾತು ಬಾರದವರು ಚಿತ್ರ ಬಿಡಿಸಲಿ, ಆಡಲಿ.

2. ವಯಸ್ಸಿಗೆ ತಕ್ಕಂತೆ ನಿಜ ಹೇಳೋಣ. ಸತ್ತವರನ್ನು "ಮಲಗಿದ್ದಾರೆ" ಎಂದರೆ ಮಗು ಮಲಗಲು ಹೆದರೀತು. "ಎಂದಿಗೂ ಆಗಲ್ಲ" ಎಂಬ ಭರವಸೆಗಿಂತ "ನಿನ್ನನ್ನು ಕಾಪಾಡೋಕೆ ದೊಡ್ಡವರು ಏನೇನು ಮಾಡ್ತಿದ್ದಾರೆ ಅಂತ ಹೇಳ್ತೀನಿ" ಎಂಬುದು ಒಳ್ಳೆಯದು.

3. ಟಿವಿ, ಮೊಬೈಲಿನಲ್ಲಿ ಅದೇ ದೃಶ್ಯ ಮತ್ತೆ ಮತ್ತೆ ಬೇಡ.

4. ಊಟ, ಆಟ, ನಿದ್ದೆ ಹೊತ್ತಿಗೆ ಸರಿಯಾಗಿ ನಡೆಯಲಿ. ದಿನಚರಿಯೇ ಮಗುವಿಗೆ ಧೈರ್ಯ.

5. ನಮ್ಮ ಭಯವನ್ನು ಮಗುವಿನ ಮೇಲೆ ಹೊರಿಸದಿರೋಣ. ದೊಡ್ಡವರ ಮುಖ ನೋಡಿಯೇ ಮಕ್ಕಳು ಹೆದರುತ್ತಾರೆ.

ತಿಂಗಳುಗಳು ಕಳೆದ ಮೇಲೂ

ಪಾರ್ಕ್‌ಲ್ಯಾಂಡ್‌ನಲ್ಲಿ ಫೆಬ್ರವರಿ 14ರಂದು 17 ಮಂದಿ ಸತ್ತರು. ಎರಡು ವಾರಗಳ ನಂತರ ಶಾಲೆ ತೆರೆದಾಗ ಮೊದಲಿಗೆ ಅರ್ಧ ದಿನದ ತರಗತಿ ಇಟ್ಟರು. ಆಪ್ತಸಮಾಲೋಚಕರು ಜೊತೆಗಿದ್ದರು, ಮಕ್ಕಳು ಮುಟ್ಟಿ ಮುದ್ದಿಸಲೆಂದು ಪಳಗಿದ ನಾಯಿಗಳನ್ನೂ ತಂದಿದ್ದರು. ಇಷ್ಟಾದರೂ 2019ರ ಮಾರ್ಚ್‌ನಲ್ಲಿ, ಆ ದಿನ ಬದುಕುಳಿದಿದ್ದ ಇಬ್ಬರು ಎಳೆಯರು ಆತ್ಮಹತ್ಯೆ ಮಾಡಿಕೊಂಡರು. ಸುದ್ದಿ ಹಳತಾದರೂ ನೋವು ಹಳತಾಗುವುದಿಲ್ಲ ಎಂಬ ಪಾಠ ಇದರಲ್ಲಿದೆ. ಆದ್ದರಿಂದ ವರ್ಷ ತುಂಬುವ ದಿನ, ಸತ್ತವರ ಹುಟ್ಟುಹಬ್ಬದ ದಿನ ಮಗುವಿನ ಹತ್ತಿರ ಇರೋಣ.

ಒಂದು ತಿಂಗಳು ದಾಟಿದರೂ ಭಯ ಇಳಿಯದಿದ್ದರೆ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಬೇಕು. "ಬದುಕೋದೇ ಬೇಡ" ಎಂಬ ಮಾತು ಬಂದರೆ ಒಂದು ದಿನವೂ ಕಾಯಬಾರದು. ಅಮೆರಿಕಾದಲ್ಲಿ 988, ನಮ್ಮಲ್ಲಿ ಟೆಲಿ ಮಾನಸ್ 14416 ಸಹಾಯವಾಣಿಗಳಿವೆ.

ಗುಂಪಿನಲ್ಲಿ ಚರ್ಚಿಸೋಣ

ಮಗು ಅತ್ತಾಗ ನಾವು ಮೊದಲು ಹೇಳುವ ಮಾತು ಯಾವುದು? ಅದು ಮಗುವಿನ ಬಾಯಿ ತೆರೆಸುತ್ತದೆಯೇ, ಮುಚ್ಚಿಸುತ್ತದೆಯೇ? ಈ ವಾರ ದೂರದ ಮೊಮ್ಮಗುವಿಗೆ ಫೋನ್ ಮಾಡಿದಾಗ ಬುದ್ಧಿಮಾತು ಬದಿಗಿಟ್ಟು, ಹತ್ತು ನಿಮಿಷ ಸುಮ್ಮನೆ ಕೇಳಿಸಿಕೊಳ್ಳೋಣ.