ದುಬಾರಿ ಮಾನಿಟರ್‌ಗೆ ಸಾಲ ಬೇಕೇ?

ಪ್ರಶ್ನೆ: ಮನೆಯ 10 ಅಡಿ ಉದ್ದ, 10 ಅಡಿ ಅಗಲದ ಕೋಣೆಯ ನಡುವೆ ಕೂತು ಹಾಡು ಮಿಕ್ಸ್ ಮಾಡುತ್ತೇನೆ. ಕಾರಿನಲ್ಲಿ ಕೇಳಿದರೆ ಬೇಸ್ ವಿಪರೀತ. ಸಾಲ ಮಾಡಿ 3 ಲಕ್ಷದ ಸ್ಟುಡಿಯೋ ಮಾನಿಟರ್ ಕೊಳ್ಳಲೇ?

ಉತ್ತರ: ಸದ್ಯಕ್ಕೆ ಬೇಡ. ಅಷ್ಟು ಬೆಲೆಯ ಮಾನಿಟರ್‌ನಲ್ಲಿ ನೀವು ಹಣ ಕೊಡುವುದು ಕಂಪಿಸದ ಗಟ್ಟಿ ಪೆಟ್ಟಿಗೆ, ಪ್ರತಿ ಡ್ರೈವರ್‌ಗೂ ಪ್ರತ್ಯೇಕ ಆಂಪ್ಲಿಫೈಯರ್, ಎಡ-ಬಲ ಜೋಡಿಯ ಕರಾರುವಾಕ್ಕು ಹೊಂದಾಣಿಕೆಗೆ. ಜೊತೆಗೆ ಕಡಿಮೆ ಸಂಖ್ಯೆಯ ತಯಾರಿಕೆ, ಆಮದು ಸುಂಕ, ಮಾರಾಟಗಾರರ ಲಾಭಕ್ಕೆ. ಇವುಗಳಲ್ಲಿ ಯಾವುದೂ ನಿಮ್ಮ ಗೋಡೆಗಳನ್ನು ಬದಲಿಸದು. 10 ಅಡಿ ಅಂತರದ ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್‌ನ ಸ್ವರ ನಿಂತ ಅಲೆಯಾಗುತ್ತದೆ. ಗೋಡೆಯ ಬಳಿ ಉಬ್ಬಿ, ಸರಿಯಾಗಿ ನಡುವೆ ಕ್ಷೀಣಿಸುತ್ತದೆ. ನೀವು ಕೂರುವುದು ಅಲ್ಲೇ. ಕೇಳಿಸದ ಬೇಸನ್ನು ಏರಿಸುತ್ತೀರಿ, ಕಾರು ಚಾಡಿ ಹೇಳುತ್ತದೆ.

ದುಬಾರಿ ಮಾನಿಟರ್‌ಗಳಲ್ಲಿ ಕೋಣೆಗೆ ತಕ್ಕ ಡಿಜಿಟಲ್ ತಿದ್ದುಪಡಿ ಇರುತ್ತದಲ್ಲ ಎನ್ನಬಹುದು. ಅದು ಉಬ್ಬನ್ನು ತಗ್ಗಿಸುತ್ತದೆ, ಸರಿ. ಆದರೆ ಅಲೆಗಳು ಪರಸ್ಪರ ರದ್ದಾಗುವ ಜಾಗಕ್ಕೆ ಎಷ್ಟು ಶಕ್ತಿ ಸುರಿದರೂ ಬಹುಪಾಲು ವ್ಯರ್ಥ. ಮೊದಲು ಕುರ್ಚಿಯನ್ನು ಮುಂದಿನ ಗೋಡೆಯಿಂದ ನಾಲ್ಕಡಿಯಷ್ಟು ದೂರಕ್ಕೆ ತನ್ನಿ, ಮೂಲೆಗಳಲ್ಲಿ ದಪ್ಪನೆಯ ರಾಕ್‌ವುಲ್ ಪ್ಯಾನೆಲ್ ನಿಲ್ಲಿಸಿ. ಮೊಟ್ಟೆ ಟ್ರೇಯಂಥ ತೆಳು ಫೋಮ್ ಬೇಸನ್ನು ಮುಟ್ಟುವುದೂ ಇಲ್ಲ. ಅಳತೆಯ ಮೈಕ್ ಒಂದನ್ನು ತಂದು, ಉಚಿತವಾಗಿ ಸಿಗುವ ರೂಮ್ ಇಕ್ಯೂ ವಿಝಾರ್ಡ್ ತಂತ್ರಾಂಶದಲ್ಲಿ ಮೊದಲು ಹೇಗಿತ್ತು, ಈಗ ಹೇಗಿದೆ ಎಂದು ಹೋಲಿಸಿ. ಗೋಡೆ ಒಡೆಯುವ, ಸದ್ದು ಹೊರಹೋಗದಂತೆ ಕಟ್ಟಿಸುವ ಯೋಚನೆಯಿದ್ದರೆ ಮಾತ್ರ ಅಕೌಸ್ಟಿಕ್ ಕನ್ಸಲ್ಟೆಂಟ್‌ರನ್ನು ಕಾಣಿ. ಇಷ್ಟಾದ ಮೇಲೂ ಕೊರತೆ ಕಂಡರೆ, ನಿಮ್ಮ ಕೋಣೆಯಲ್ಲೇ ಕೇಳಿ ನೋಡಲು ಕೊಡುವ ಅಂಗಡಿಯಲ್ಲಿ ಮಾನಿಟರ್ ವಿಚಾರಿಸಿ.