ಗುಂಪುನಿಷ್ಠೆ ಮತ್ತು ಜಾಗತಿಕ ಸಹಕಾರ: ಸಿಡುಬು ನಿರ್ಮೂಲನೆಯ ಪ್ರಕರಣ

‘ನಮ್ಮವರು–ಪರರು’ ಎಂಬ ಭೇದ ಹುಟ್ಟಲು ದೊಡ್ಡ ಕಾರಣವೇ ಬೇಕಿಲ್ಲ. ಸಾಮಾಜಿಕ ಮನಶ್ಶಾಸ್ತ್ರಜ್ಞ ಹೆನ್ರಿ ತಾಜ್‌ಫೆಲ್ 1970ರ ದಶಕದ ಆರಂಭದಲ್ಲಿ ಬ್ರಿಸ್ಟಲ್‌ನ ಶಾಲಾ ಹುಡುಗರನ್ನು ಕ್ಲೀ, ಕ್ಯಾಂಡಿನ್‌ಸ್ಕಿ ಚಿತ್ರಗಳ ಮೆಚ್ಚುಗೆಯಂಥ ಕ್ಷುಲ್ಲಕ ನೆಪದಲ್ಲಿ ವಿಂಗಡಿಸಿದರು. ಹುಡುಗರು ತಮ್ಮ ಗುಂಪಿಗೆ ಸಿಗುವುದು ಕಡಿಮೆಯಾದರೂ ಸರಿ, ಎದುರು ಗುಂಪಿಗಿಂತ ಮುಂದಿರಬೇಕು ಎಂದೇ ಹಣ ಹಂಚಲು ಒಲವು ತೋರಿದರು. ಪರೀಕ್ಷೆಯಲ್ಲಿ ಇದನ್ನು, ನಮ್ಮ ಸ್ವಾಭಿಮಾನದ ಒಂದು ಪಾಲು ನಮ್ಮ ಗುಂಪಿನಿಂದ ಬರುತ್ತದೆ ಎನ್ನುವ ‘ಸಾಮಾಜಿಕ ಅಸ್ಮಿತೆ ಸಿದ್ಧಾಂತ’ದೊಂದಿಗೆ ಜೋಡಿಸಿ ಬರೆಯಿರಿ.

ಇಂಥ ಭೇದ ದೇಶಗಳ ನಡುವಿನ ಸಹಕಾರಕ್ಕೂ ಅಡ್ಡಿ ಎನಿಸಬಹುದು. ಆದರೆ ಅಮೆರಿಕ–ಸೋವಿಯತ್ ಬಣಗಳ ಶೀತಲ ಸಮರದ ನಡುವೆಯೇ ಸಿಡುಬು ಅಳಿಯಿತು. 1958ರ ವಿಶ್ವ ಆರೋಗ್ಯ ಸಭೆಯಲ್ಲಿ ನಿರ್ಮೂಲನೆಯ ಪ್ರಸ್ತಾವ ಮಂಡಿಸಿದವರು ಸೋವಿಯತ್ ಒಕ್ಕೂಟದ ವಿಕ್ಟರ್ ಝ್ದಾನೋವ್. ಸಭೆ ನಡೆದದ್ದು ಅಮೆರಿಕದ ಮಿನ್ಯಾಪೊಲಿಸ್‌ನಲ್ಲಿ! 1967ರಲ್ಲಿ ತೀವ್ರಗೊಂಡ ಕಾರ್ಯಕ್ರಮದ ನೇತೃತ್ವ ಅಮೆರಿಕದ ಡಿ.ಎ. ಹೆಂಡರ್ಸನ್ ಅವರದು, ಲಸಿಕೆಯ ಬಹುಪಾಲು ದಾನ ಸೋವಿಯತ್ತರದು. ವೈರತ್ವ ಕರಗಿತ್ತು ಎನ್ನುವಂತಿಲ್ಲ. ಹೊರದಬ್ಬಿದರೂ ಮರಳಿ ಬರುವ ರೋಗವನ್ನು ಬೇರಿನಿಂದಲೇ ಕೀಳುವುದು ಎರಡೂ ಬಣಗಳಿಗೆ ಲಾಭವಾಗಿತ್ತು. ದಾನ ಕೊಟ್ಟವರಿಗೆ ಪ್ರತಿಷ್ಠೆಯೂ ದಕ್ಕಿತು. ಗುಂಪುನಿಷ್ಠೆ ಸಹಕಾರಕ್ಕೆ ಸದಾ ಅಡ್ಡಿ ಎಂಬ ಸಿದ್ಧ ಉತ್ತರ ಇಲ್ಲಿ ನಿಲ್ಲುವುದಿಲ್ಲ.

ಕೋವಿಡ್ ಕಾಲದ ಚಿತ್ರ ಬೇರೆ. ಲಸಿಕೆಯ ಸಮಾನ ಹಂಚಿಕೆಗೆಂದು 2020ರಲ್ಲಿ ಕೋವ್ಯಾಕ್ಸ್ ಎಂಬ ಜಾಗತಿಕ ವ್ಯವಸ್ಥೆ ರೂಪುಗೊಂಡರೂ ಶ್ರೀಮಂತ ದೇಶಗಳು ಮುಂಗಡ ಖರೀದಿಯಲ್ಲಿ ಲಸಿಕೆ ಬಾಚಿಕೊಂಡವು. ಇದೇ ‘ಲಸಿಕಾ ರಾಷ್ಟ್ರೀಯತೆ’.

ನೆನಪಿಡಿ: ಸಿಡುಬಿನ ಕೊನೆಯ ಸಹಜ ಪ್ರಕರಣ ಸೊಮಾಲಿಯಾದಲ್ಲಿ, 1977, ಜಗತ್ತು ಸಿಡುಬುಮುಕ್ತವೆಂದು ವಿಶ್ವ ಆರೋಗ್ಯ ಸಭೆ ಘೋಷಿಸಿದ್ದು 1980ರ ಮೇ 8. ಬಹುಆಯ್ಕೆ ಪ್ರಶ್ನೆಗಳಲ್ಲಿ ಈ ಎರಡು ವರ್ಷಗಳು ಅದಲುಬದಲಾಗುವುದೇ ಹೆಚ್ಚು.