ಬೆಕ್ಕಿಗೆ ಉಪವಾಸವೇಕೆ ಸಲ್ಲದು?

ಮಂಗಳೂರಿನ ಮನೆಗಳಿಗೂ ಬೆಕ್ಕಿಗೂ ಇರುವ ನಂಟು ಹಳೆಯದು. ತುಳುವಿನಲ್ಲಿ ‘ಪುಚ್ಚೆ’ ಎನಿಸಿಕೊಳ್ಳುವ ಈ ಪ್ರಾಣಿಯನ್ನು ಹಿಂದಿನವರು ಸಾಕುತ್ತಿದ್ದುದು ಮುಖ್ಯವಾಗಿ ಇಲಿಗಳ ಕಾಟವನ್ನು ತಪ್ಪಿಸಿಕೊಳ್ಳುವುದಕ್ಕಾಗಿ. ಅಕ್ಕಿಯ ಮುಡಿಯನ್ನೂ ಕೊಬ್ಬರಿಯನ್ನೂ ಕಾಯುವುದು ಅದರ ಕೆಲಸ. ಮೀನಿನ ತಲೆ, ಬಾಲ, ಉಳಿದ ಅನ್ನ ಅದರ ಸಂಬಳ. ಮಿಕ್ಕ ಹಸಿವನ್ನು ಅದು ಬೇಟೆಯಾಡಿ ತೀರಿಸಿಕೊಳ್ಳುತ್ತಿತ್ತು. ಇಂದು ಕದ್ರಿ, ಬಿಜೈ ಮೊದಲಾದ ಕಡೆಗಳ ಬಹುಮಹಡಿ ಕಟ್ಟಡಗಳಲ್ಲಿ ವಾಸಿಸುವ ಬೆಕ್ಕಿಗೆ ಅಂಗಳವಿಲ್ಲ, ಇಲಿಯಿಲ್ಲ, ಕೆಲಸವೂ ಇಲ್ಲ. ಸಂಬಳ ಮಾತ್ರ ಹೆಚ್ಚಾಗಿದೆ. ಇದರ ಫಲವೇ ಬೊಜ್ಜು.

ಬೊಜ್ಜು ಬೆಕ್ಕಿಗೆ ಭೂಷಣವಲ್ಲ. ಸಿಹಿಮೂತ್ರರೋಗವೂ ಕೀಲುನೋವೂ ಸ್ಥೂಲವಾದ ಬೆಕ್ಕುಗಳನ್ನು ಹೆಚ್ಚಾಗಿ ಬಾಧಿಸುತ್ತವೆ. ತನ್ನ ಬೆನ್ನನ್ನು ತಾನೇ ನೆಕ್ಕಿ ಶುಚಿಗೊಳಿಸುವುದೂ ಅವಕ್ಕೆ ಕಷ್ಟವಾಗುತ್ತದೆ. ಆದುದರಿಂದ ಬೆಕ್ಕಿನ ತೂಕವನ್ನು ಇಳಿಸಬೇಕೆಂಬ ಅಪೇಕ್ಷೆ ಯೋಗ್ಯವಾದುದೇ. ಆದರೆ ಲಂಘನವೇ ಪರಮೌಷಧವೆಂಬ ಮಾತನ್ನು ನಂಬಿ ಅದರ ಬಟ್ಟಲನ್ನು ಮೂರು ನಾಲ್ಕು ದಿನ ಬರಿದಾಗಿಟ್ಟರೆ ಬೊಜ್ಜಿನ ಬದಲು ಬೆಕ್ಕನ್ನೇ ಕಳೆದುಕೊಳ್ಳಬೇಕಾದೀತು. ಮನುಷ್ಯನಿಗೆ ಸಹ್ಯವಾದ ಉಪವಾಸ ಬೆಕ್ಕಿಗೇಕೆ ಮಾರಕ, ಹಾಗಾದರೆ ತೂಕವನ್ನು ಇಳಿಸುವ ಬಗೆ ಯಾವುದು ಎಂಬುದನ್ನು ಈ ಲೇಖನದಲ್ಲಿ ವಿವೇಚಿಸೋಣ.

ಶಕ್ತಿಯ ಆಯವ್ಯಯ

ಫ್ರಾನ್ಸಿನ ಲವಾಸಿಯೇ ಮತ್ತು ಲಪ್ಲಾಸ್ ಎಂಬ ವಿಜ್ಞಾನಿಗಳು ಗಿನಿಹಂದಿಯೊಂದನ್ನು ಮಂಜುಗಡ್ಡೆಯಿಂದ ಸುತ್ತುವರಿದ ಪಾತ್ರೆಯಲ್ಲಿರಿಸಿ, ಕರಗಿದ ನೀರನ್ನು ತೂಗಿ, ಅದರ ಮೈಯಿಂದ ಹೊರಟ ಉಷ್ಣವನ್ನು ಅಳೆದರು. 1783ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ ಉಸಿರಾಟವೂ ಒಂದು ಬಗೆಯ ನಿಧಾನ ದಹನವೆಂಬುದು ತಿಳಿದುಬಂದಿತು. 1894ರಲ್ಲಿ ಜರ್ಮನಿಯ ರೂಬ್ನರ್ ನಾಯಿಯೊಂದರ ಮೇಲೆ ಪ್ರಯೋಗ ನಡೆಸಿ, ಆಹಾರದಿಂದ ದೊರೆತ ಶಕ್ತಿಯೂ ಮೈಯಿಂದ ಹೊರಬಿದ್ದ ಉಷ್ಣವೂ ಸರಿಸಮವೆಂದು ತೋರಿಸಿಕೊಟ್ಟನು. ಶಕ್ತಿಯ ನಿತ್ಯತ್ವವೆಂಬ ಭೌತಶಾಸ್ತ್ರದ ನಿಯಮಕ್ಕೆ ಜೀವಿಗಳೂ ಹೊರತಲ್ಲ; ಬೆಕ್ಕಂತೂ ಅಲ್ಲವೇ ಅಲ್ಲ.

ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಮಾಡಲು ಬೇಕಾದ ಉಷ್ಣವೇ ಆಹಾರಶಾಸ್ತ್ರದಲ್ಲಿ ಹೇಳುವ ಕ್ಯಾಲೊರಿ. ಮೈಯಲ್ಲಿ ಸಂಗ್ರಹವಾದ ಒಂದು ಗ್ರಾಂ ಬೊಜ್ಜಿನಲ್ಲಿ ಸುಮಾರು 7.7 ಕ್ಯಾಲೊರಿ ಅಡಗಿದೆ. ಬೆಕ್ಕು ವೆಚ್ಚಮಾಡುವುದಕ್ಕಿಂತ ದಿನಕ್ಕೆ ಕೇವಲ 10 ಕ್ಯಾಲೊರಿ ಹೆಚ್ಚಾಗಿ ತಿಂದಿತೆನ್ನೋಣ. ಪೊಟ್ಟಣದಲ್ಲಿ ಬರುವ ಒಣ ಆಹಾರದ ಮೂರು ಗ್ರಾಂನಲ್ಲಿ ಇಷ್ಟು ಶಕ್ತಿಯಿದೆ. ವರ್ಷಕ್ಕೆ 3650 ಕ್ಯಾಲೊರಿ ಉಳಿತಾಯವಾಯಿತು. ಅಂದರೆ ಹೆಚ್ಚುಕಡಿಮೆ ಅರ್ಧ ಕಿಲೋಗ್ರಾಂ ಬೊಜ್ಜು. ನಾಲ್ಕು ಕಿಲೋಗ್ರಾಂ ತೂಗುವ ಪ್ರಾಣಿಗೆ ಇದು ಸಣ್ಣ ಹೊರೆಯಲ್ಲ.

ಬೆಕ್ಕನ್ನು ಓಡಾಡಿಸಿಯೇ ಈ ಹೊರೆಯನ್ನು ಕರಗಿಸಬಹುದಲ್ಲವೆ ಎಂದು ಕೆಲವರು ಕೇಳುವರು. ಇದಕ್ಕೂ ಲೆಕ್ಕವೇ ಉತ್ತರ. 6 ಕಿಲೋಗ್ರಾಂ ತೂಕದ ಬೆಕ್ಕು ಹತ್ತು ಮಹಡಿಗಳನ್ನು, ಅಂದರೆ 30 ಮೀಟರ್ ಎತ್ತರವನ್ನು, ಏರಿದರೆ ಗುರುತ್ವಕ್ಕೆ ಎದುರಾಗಿ ಮಾಡುವ ಕೆಲಸ ಸುಮಾರು 1760 ಜೂಲ್, ಎಂದರೆ 0.42 ಕ್ಯಾಲೊರಿ. ಸ್ನಾಯುಗಳು ತಾವು ಬಳಸಿದ ಶಕ್ತಿಯ ಕಾಲುಭಾಗವನ್ನಷ್ಟೇ ಕೆಲಸವಾಗಿ ಮಾರ್ಪಡಿಸುವುದರಿಂದ ನಿಜವಾದ ವೆಚ್ಚ 1.7 ಕ್ಯಾಲೊರಿ. ಅರ್ಧ ಗ್ರಾಂ ಒಣ ಆಹಾರ ಇದನ್ನು ತುಂಬಿಕೊಡುತ್ತದೆ! ಆಟದಿಂದ ಸ್ನಾಯುಗಳಿಗೂ ಮನಸ್ಸಿಗೂ ಹಿತವುಂಟು. ಆದರೆ ತೂಕದ ಪ್ರಶ್ನೆ ಬಗೆಹರಿಯಬೇಕಾದುದು ಬಟ್ಟಲಿನಲ್ಲಿಯೇ.

ಯಕೃತ್ತಿನ ಸಂಕಟ

ಬಟ್ಟಲೇ ಮುಖ್ಯವೆಂದಾದ ಮೇಲೆ ಅದನ್ನು ಬರಿದುಮಾಡಿದರೇನು? ಇಲ್ಲಿ ಭೌತಶಾಸ್ತ್ರದ ಲೆಕ್ಕ ಸಾಲದು. ಬೆಕ್ಕಿನ ದೇಹರಚನೆಯನ್ನೂ ಅರಿಯಬೇಕು. ಆಹಾರ ನಿಂತೊಡನೆ ದೇಹವು ತನ್ನಲ್ಲಿದ್ದ ಬೊಜ್ಜನ್ನು ಕರಗಿಸಿ ರಕ್ತದ ಮೂಲಕ ಯಕೃತ್ತಿಗೆ ಕಳುಹಿಸುತ್ತದೆ. ಯಕೃತ್ತು ಅದರಲ್ಲಿ ಸ್ವಲ್ಪವನ್ನು ಉರಿಸಿ, ಮಿಕ್ಕುದನ್ನು ಸಸಾರಜನಕದೊಡನೆ ಕಟ್ಟಿ ಮತ್ತೆ ಹೊರಗೆ ಸಾಗಿಸಬೇಕು. ಆದರೆ ಬೆಕ್ಕು ಮಾಂಸವನ್ನೇ ನಂಬಿದ ಪ್ರಾಣಿ. ಅದರ ಯಕೃತ್ತು ಹಸಿವಿನ ಕಾಲದಲ್ಲಿಯೂ ಸಸಾರಜನಕವನ್ನು ವಿಭಜಿಸುವ ತನ್ನ ಕಾರ್ಯವನ್ನು ಸಾಕಷ್ಟು ತಗ್ಗಿಸಿಕೊಳ್ಳಲಾರದು. ಹೀಗಾಗಿ ಸಸಾರಜನಕ ಬೇಗನೆ ಮುಗಿಯುತ್ತದೆ. ಬಂದ ಕೊಬ್ಬು ಹೊರಹೋಗಲಾರದೆ ಯಕೃತ್ತಿನಲ್ಲಿಯೇ ತುಂಬಿಕೊಳ್ಳುತ್ತದೆ. ಕಾಮಾಲೆ ತಲೆದೋರುತ್ತದೆ, ವಸಡು, ಕಣ್ಣಿನ ಬಿಳಿಭಾಗ, ಕಿವಿಯ ಒಳಮೈ ಹಳದಿಯಾಗುತ್ತವೆ. ಆಗ ಬೆಕ್ಕಿಗೆ ತಿನ್ನುವ ಇಚ್ಛೆಯೇ ಉಳಿಯುವುದಿಲ್ಲ. ಚಿಕಿತ್ಸೆ ದೊರೆಯದಿದ್ದರೆ ಸಾವು ಸಂಭವಿಸುತ್ತದೆ. ಬೊಜ್ಜು ಹೆಚ್ಚಿದ್ದಷ್ಟೂ ಅಪಾಯವೂ ಹೆಚ್ಚು. ಎರಡು ಮೂರು ದಿನಗಳ ನಿರಾಹಾರವೇ ಇದಕ್ಕೆ ಸಾಕಾಗಬಹುದು.

ಮೀನಿಗೆ ಬದಲಾಗಿ ಮೊಸರನ್ನವನ್ನು ಹಾಕುವುದೂ ಪರಿಹಾರವಲ್ಲ. ಟಾರೀನ್ ಎಂಬ ವಸ್ತುವನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಲಾರದು. ಮಾಂಸ ಮೀನುಗಳಿಂದಲೇ ಅದು ದೊರೆಯಬೇಕು. ಇದರ ಕೊರತೆಯಿಂದ ಕಣ್ಣಿನ ಅಕ್ಷಿಪಟಲ ಹಾಳಾಗುವುದೆಂದು 1975ರಲ್ಲಿಯೂ, ಹೃದಯ ದುರ್ಬಲವಾಗುವುದೆಂದು 1987ರಲ್ಲಿಯೂ ಅಮೆರಿಕದ ಸಂಶೋಧಕರು ಕಂಡುಹಿಡಿದರು.

ಮಳೆಗಾಲದ ಎಚ್ಚರಿಕೆ

ಬೇಕೆಂದು ಉಪವಾಸ ಕೆಡವದಿದ್ದರೂ ನಮ್ಮ ಊರಿನಲ್ಲಿ ಅದು ತಾನಾಗಿ ಒದಗುವ ಸಂದರ್ಭವೊಂದಿದೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಬಂದರಿನ ಧಕ್ಕೆ ಬಿಕೋ ಎನ್ನುತ್ತದೆ. ಮೀನಿನ ಬೆಲೆ ಏರುತ್ತದೆ. ಬೂತಾಯಿ, ಬಂಗುಡೆಗಳನ್ನಲ್ಲದೆ ಬೇರೇನನ್ನೂ ಮೂಸದ ಬೆಕ್ಕಿನ ಮುಂದೆ ಒಮ್ಮೆಗೇ ಹೊಸ ಆಹಾರವನ್ನಿಟ್ಟರೆ ಅದು ಮುಖ ತಿರುಗಿಸಬಹುದು. ಹಸಿದರೆ ತಾನಾಗಿ ತಿನ್ನುತ್ತದೆಂಬ ಹಟ ಇಲ್ಲಿ ಕೆಲಸಕ್ಕೆ ಬಾರದು. ಮೇ ತಿಂಗಳ ಕೊನೆಯ ವಾರಗಳಲ್ಲಿಯೇ ಹಳೆಯದರೊಡನೆ ಹೊಸದನ್ನು ಸ್ವಲ್ಪಸ್ವಲ್ಪವಾಗಿ ಬೆರೆಸುತ್ತ, ಏಳರಿಂದ ಹತ್ತು ದಿನಗಳಲ್ಲಿ ಬದಲಾವಣೆಯನ್ನು ಪೂರೈಸುವುದು ಲೇಸು. ಬೆಕ್ಕು ಒಂದು ಇಡೀ ದಿನ ಏನನ್ನೂ ತಿನ್ನದಿದ್ದಲ್ಲಿ ಪಶುವೈದ್ಯರಿಗೆ ತಿಳಿಸಬೇಕು.

ಮೀನಿನ ವಿಷಯದಲ್ಲಿ ಇನ್ನೂ ಕೆಲವು ಮಾತುಗಳುಂಟು. ಬೂತಾಯಿಯಲ್ಲಿ ಎಣ್ಣೆಯ ಅಂಶ ವರ್ಷವಿಡೀ ಒಂದೇ ತೆರನಾಗಿರುವುದಿಲ್ಲ. ಮಳೆಗಾಲ ಕಳೆದ ಮೇಲೆ ಅದು ಬಹಳ ಹೆಚ್ಚುತ್ತದೆ. ಆದುದರಿಂದ ‘ದಿನಕ್ಕೆ ಎರಡು ಮೀನು’ ಎಂಬ ಅಳತೆ ಎಲ್ಲ ತಿಂಗಳುಗಳಿಗೂ ಸಲ್ಲದು. ಕೆಲವು ಹಸಿ ಮೀನುಗಳಲ್ಲಿ ‘ಬಿ-1’ ಜೀವಸತ್ವವನ್ನು ನಾಶಮಾಡುವ ವಸ್ತುವಿದೆ. ಬೇಯಿಸಿದರೆ ಅದು ನಶಿಸುತ್ತದೆ. ಮೀನನ್ನು ಉಪ್ಪುಖಾರವಿಲ್ಲದೆ ಬೇಯಿಸಿ ಮುಳ್ಳು ತೆಗೆದು ಕೊಡಬೇಕು. ಮೀನಿನ ಗಸಿಯನ್ನಂತೂ ಕೊಡಲೇಬಾರದು. ಅದರಲ್ಲಿನ ಈರುಳ್ಳಿ ಬೆಳ್ಳುಳ್ಳಿಗಳು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬರಿಯ ಮೀನು ಪೂರ್ಣ ಆಹಾರವೂ ಅಲ್ಲ.

ಸುರಕ್ಷಿತವಾದ ಮಾರ್ಗ

ಮೊದಲು ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ, ಬೆಕ್ಕಿಗೆ ತಕ್ಕ ತೂಕವೆಷ್ಟೆಂದು ನಿರ್ಧರಿಸಿಕೊಳ್ಳಬೇಕು. ಮರಿಗಳಿಗೂ ಗಬ್ಬದ ಬೆಕ್ಕಿಗೂ ಪಥ್ಯ ಸಲ್ಲದು. ಮನೆಯಲ್ಲಿ ಮಾಡಬಹುದಾದ ಪರೀಕ್ಷೆಯೊಂದುಂಟು: ಅಂಗೈ ಕೆಳಗಾಗಿ ಹಿಡಿದ ಕೈಯ ಹಿಂಬದಿಯನ್ನು ಸವರಿದಾಗ ಎಲುಬುಗಳು ಹೇಗೆ ತಿಳಿಯುವುವೋ ಹಾಗೆ ಬೆಕ್ಕಿನ ಪಕ್ಕೆಲುಬುಗಳು ತಿಳಿಯಬೇಕು. ಒತ್ತಿದರೂ ತಿಳಿಯದಿದ್ದರೆ ಬೊಜ್ಜು ಬಂದಿದೆಯೆಂದೇ ಅರ್ಥ.

ಆಹಾರದ ಪ್ರಮಾಣಕ್ಕೆ ಒಂದು ಸೂತ್ರವಿದೆ. ತಕ್ಕ ತೂಕದ ವರ್ಗಮೂಲವನ್ನೂ, ಆ ವರ್ಗಮೂಲದ ವರ್ಗಮೂಲವನ್ನೂ ಪರಸ್ಪರ ಗುಣಿಸಿ, ಬಂದುದನ್ನು 70ರಿಂದ ಗುಣಿಸಬೇಕು. ಇದು ವಿಶ್ರಾಂತಿಯಲ್ಲಿರುವ ದೇಹಕ್ಕೆ ದಿನವೊಂದಕ್ಕೆ ಬೇಕಾದ ಕ್ಯಾಲೊರಿ. 6 ಕಿಲೋಗ್ರಾಂ ಬೆಕ್ಕನ್ನು 4.5 ಕಿಲೋಗ್ರಾಂಗೆ ಇಳಿಸಬೇಕೆಂದಿದ್ದರೆ 2.12ನ್ನು 1.46ರಿಂದಲೂ ಅನಂತರ 70ರಿಂದಲೂ ಗುಣಿಸಿದಾಗ ಸುಮಾರು 216 ಬರುತ್ತದೆ. ಇದರ ನೂರಕ್ಕೆ 80 ಭಾಗ, ಎಂದರೆ 173 ಕ್ಯಾಲೊರಿಯಿಂದ ಆರಂಭಿಸುವುದು ವೈದ್ಯರ ವಾಡಿಕೆ. ಆಹಾರದಲ್ಲಿ ಸಸಾರಜನಕ ಧಾರಾಳವಾಗಿರಬೇಕು. ಅದನ್ನು ತೂಗಿ, ದಿನಕ್ಕೆ ಮೂರು ನಾಲ್ಕು ಪಾಲುಗಳಾಗಿ ಕೊಡಬೇಕು.

ಈ 173ರ ಬೆಲೆಯನ್ನು ಮನೆಮಂದಿಯೆಲ್ಲ ಅರಿತಿರಬೇಕು. ಒಂದು ಚಮಚ ತುಪ್ಪದಲ್ಲಿ 45 ಕ್ಯಾಲೊರಿ. ದಿನದ ಪಾಲಿನ ಕಾಲುಭಾಗ ಅಲ್ಲಿಗೇ ಮುಗಿಯಿತು. 50 ಮಿಲಿಲೀಟರ್ ಹಾಲಿನಲ್ಲಿ 30ಕ್ಕೂ ಹೆಚ್ಚು. ಅಜ್ಜಿ ಬೆಳಿಗ್ಗೆ ಕೊಟ್ಟುದು ಸೊಸೆಗೆ ತಿಳಿಯದು. ಸೊಸೆ ಕೊಟ್ಟುದು ಮಕ್ಕಳಿಗೆ ತಿಳಿಯದು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆಂಬ ಗಾದೆಯಿದೆ. ಮನೆಯವರೇ ಕಣ್ಣು ಮುಚ್ಚಿ ಹಾಲೆರೆದರೆ ಬೆಕ್ಕಿನ ತಪ್ಪೇನು? ಕೊಟ್ಟುದನ್ನು ಅಡುಗೆಮನೆಯ ಗೋಡೆಯ ಮೇಲೆ ಬರೆದಿಡುವುದು ಒಳ್ಳೆಯ ಉಪಾಯ.

ತೂಕವು ವಾರಕ್ಕೆ ನೂರಕ್ಕೆ ಒಂದರಂತೆ ಇಳಿದರೆ ಸಾಕು, ಎರಡನ್ನು ಮೀರಬಾರದು. 6 ಕಿಲೋಗ್ರಾಂ ಬೆಕ್ಕಿಗೆ ಇದು ವಾರಕ್ಕೆ 60 ಗ್ರಾಂ. ಈ ಲೆಕ್ಕದಲ್ಲಿ 4.5 ಕಿಲೋಗ್ರಾಂ ತಲಪಲು ಸುಮಾರು 29 ವಾರ ಬೇಕು. ಬೆಕ್ಕನ್ನು ಎತ್ತಿಕೊಂಡು ತೂಗುಯಂತ್ರದ ಮೇಲೆ ನಿಂತು, ಬಳಿಕ ತಮ್ಮ ತೂಕವನ್ನು ಕಳೆಯುವ ರೂಢಿ ಹಲವರಲ್ಲಿದೆ. ಯಂತ್ರದಲ್ಲಿ ಪ್ರತಿ ಸಲವೂ 100 ಗ್ರಾಂ ತಪ್ಪು ಬರಬಹುದಾದರೆ ವ್ಯತ್ಯಾಸದಲ್ಲಿ 200 ಗ್ರಾಂ ತಪ್ಪು ಸೇರೀತು. ಮೂರು ವಾರಗಳ ಇಳಿಕೆಯನ್ನೇ ಅದು ನುಂಗಿಬಿಡುತ್ತದೆ. 10 ಗ್ರಾಂ ವ್ಯತ್ಯಾಸವನ್ನೂ ತೋರಿಸುವ, ಕೂಸುಗಳನ್ನು ತೂಗುವಂತಹ ತಕ್ಕಡಿಯಲ್ಲಿ, ಎರಡು ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ ತೂಗಬೇಕು. ತೂಕ ಇಳಿಯದಿದ್ದರೆ ಆಹಾರವನ್ನು ವೈದ್ಯರ ಸಲಹೆಯಂತೆ ತುಸು ತಗ್ಗಿಸಬೇಕು. ಬೇಗ ಇಳಿದರೆ ಹೆಚ್ಚಿಸಬೇಕು.

ಏಳು ತಿಂಗಳು ದೀರ್ಘವೆಂದು ತೋರಬಹುದು. ಆದರೆ ಈ ಬೊಜ್ಜು ಬೆಳೆದುದೂ ದಿನಕ್ಕೆ ಮೂರು ಗ್ರಾಂ ಆಹಾರದಿಂದ, ಯಾರಿಗೂ ತಿಳಿಯದಷ್ಟು ಮೆಲ್ಲನೆ. ಬಂದ ದಾರಿಯಲ್ಲಿಯೇ ಅಷ್ಟೇ ಮೆಲ್ಲನೆ ಅದನ್ನು ಹಿಂದಕ್ಕೆ ಕಳುಹಿಸುವ ತಾಳ್ಮೆ ಸಾಕಿದವರಲ್ಲಿ ಇರಬೇಕು. ಯಕೃತ್ತು ತಾಳುವ ವೇಗ ಅಷ್ಟೇ.